ಹೌಸಾಕ್ಕನ ಒಸಡು, ಹೌಸಾಕ್ಕನ ಬೆರಳು

ಕರಾಡದ ಸೋಮವಾರ ಪೇಟೆಯಲ್ಲಿ ನಿಂತು ‘ಹೌಸಾಬಾಯಿ ಥೋರಾತರ ಮನೆ ಎಲ್ಲಿ?’ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಭಕ್ರಿ ಹೌಸಾಕ್ಕ’ ಎಂದರೆ ರಿಕ್ಷಾದವನು ಮರುಮಾತಿಲ್ಲದೆ ಅವಳ ಖಾನಾವಳಿಯ ಮುಂದೆ ಇಳಿಸಿ ಹೋಗುತ್ತಾನೆ. ಮೂವತ್ತು ವರ್ಷಗಳಿಂದ ಎಸ್‌ಟಿ ಬಸ್ಸಿನ ಡ್ರೈವರು, ಕಂಡಕ್ಟರುಗಳೆಲ್ಲ ಅವಳ ಕೈಯ ಭಕ್ರಿ ಎನ್ನುವ ಜೋಳದ ರೊಟ್ಟಿ, ಕಡಲೆಹಿಟ್ಟಿನ ಪಿಠ್ಲ, ಮೆಣಸಿನಕಾಯಿ ಕುಟ್ಟಿದ ಠೇಚಾ ತಿಂದೇ ಗಾಡಿ ಹತ್ತುವುದು. ಅವಳ ಗಂಡ ಭಿಕೋಬಾ ಕೂಡ ಒಂದು ಕಾಲಕ್ಕೆ ಕಂಡಕ್ಟರನೇ. ಈಗ ನಿವೃತ್ತನಾಗಿ ಖಾನಾವಳಿಯ ಗಲ್ಲಾದ ಮೇಲೆ ಕೂತು, ಊಟಕ್ಕೆ ಬಂದವರಿಗೆ ‘ಮುಂದ ಸರೀರಿ, ಮುಂದ ಸರೀರಿ’ ಎನ್ನುತ್ತಿರುತ್ತಾನೆ.

ನಾನು ಸುಲಭಾ. ಖಾನಾವಳಿಯ ಎದುರು ಮಹಡಿಯಲ್ಲಿ ಡಾಕ್ಟರ್ ಋಜುತಾ ಅವರ ಹಲ್ಲಿನ ದವಾಖಾನೆ ಇದೆ. ಅಲ್ಲಿ ಹೆಸರು ಬರೆದುಕೊಳ್ಳುವುದು, ಸರದಿ ಕೂಗುವುದು, ಸಾಮಾನು ಕುದಿಸಿಡುವುದು ನನ್ನ ಕೆಲಸ. ಆದರೆ ಹೌಸಾಕ್ಕನಿಗೂ ನನಗೂ ಇರುವ ನಂಟು ದವಾಖಾನೆಯದಲ್ಲ, ಫುಗಡಿಯದು. ಶ್ರಾವಣದ ಮಂಗಳಾಗೌರಿ ಆಟಗಳಲ್ಲಿ ನಾವಿಬ್ಬರೂ ಜೋಡಿ, ಹನ್ನೊಂದು ವರ್ಷಗಳಿಂದ. ಕೈಗೆ ಕೈ ಕತ್ತರಿ ಹಾಕಿ, ಕಾಲುಗಳನ್ನು ನಡುವೆ ಒತ್ತಟ್ಟಿಗೆ ಊರಿ, ಮೈಯನ್ನು ಹಿಂದಕ್ಕೆ ಚೆಲ್ಲಿ ಗಿರಗಿರ ತಿರುಗಿದರೆ ಒಂಬತ್ತು ಗಜದ ಸೀರೆಯ ಅಂಚು ಗಾಳಿಯಲ್ಲಿ ಬಳೆಯ ಹಾಗೆ ದುಂಡಾಗುತ್ತದೆ. ಆಗ ಲೋಕದಲ್ಲಿ ಸ್ಥಿರವಾಗಿ ಕಾಣುವುದು ಒಂದೇ: ಎದುರಿನವಳ ಮುಖ. ಹಿಡಿದ ಕೈಯೊಂದು ಬಿಟ್ಟರೆ ಮುಗಿಯಿತು.

ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ ಆ ಕೈ ಬಿಟ್ಟಿತು.

ಟೌನ್ ಹಾಲಿನಲ್ಲಿ ತಾಲೂಕಿನ ಸ್ಪರ್ಧೆ. ನಮ್ಮ ‘ರಣರಾಗಿಣಿ’ ತಂಡಕ್ಕೂ ಉಂಬ್ರಜದ ತಂಡಕ್ಕೂ ಕೊನೆಯ ಫುಗಡಿ. ಎಷ್ಟು ಹೊತ್ತು ತಿರುಗುತ್ತೀರೋ ಅಷ್ಟು ಅಂಕ. ನಾವು ತಿರುಗುತ್ತಿದ್ದೆವು, ಒಂಬತ್ತು ಹೆಂಗಸರು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು, ಅಷ್ಟರಲ್ಲಿ ಹೌಸಾಕ್ಕನ ಬೆರಳುಗಳು ನನ್ನ ಕೈಯಿಂದ ಜಾರಿದವು. ನಾನು ಹಾರಿ ಹೋಗಿ ತೀರ್ಪುಗಾರರ ಮೇಜಿನ ಮೇಲೆ ಬಿದ್ದೆ. ಹೂದಾನಿ ಒಂದು ಕಡೆ, ನನ್ನ ಮೂಗುತಿ ಒಂದು ಕಡೆ.

“ಕೈಗೆ ಎಣ್ಣಿ ಹಚ್ಚಿಕೊಂಡ ಬಂದಿದ್ದೇನ ನೀ?” ಎಂದು ಎಲ್ಲರ ಮುಂದೆ ಹೌಸಾಕ್ಕ ನನಗೇ ಬೈದಳು. ನನಗೆ ಸಿಟ್ಟು ಉಕ್ಕಿ ಬಂತು. ಆದರೆ ಹೊರಗೆ ಮೆಟ್ಟಿಲ ಮೇಲೆ ಕೂತಾಗ ಅವಳ ಕೈ ನೋಡಿದೆ. ಬೆರಳಿನ ಗೆಣ್ಣುಗಳೆಲ್ಲ ಹಸಿಶುಂಠಿಯ ಹಾಗೆ ಊದಿಕೊಂಡಿದ್ದವು. ಮುಷ್ಟಿ ಕಟ್ಟಲು ಹೋದರೆ ಬೆರಳು ಅರ್ಧಕ್ಕೇ ನಿಲ್ಲುತ್ತಿದ್ದವು.

“ಯಾವಾಗಿಂದ ಅಕ್ಕಾ?”

“ಚೈತ್ರದಿಂದ ಐತಿ. ಹೇಳಿದ್ರ ನೀವು ನನ್ನ ಆಟ ಬಿಡಿಸಿ ಕೂಡಸ್ತಿದ್ರಿ.”

ಕೀಲಿನ ಡಾಕ್ಟರರು ಸಂಧಿವಾತ ಎಂದರು. ಆರು ವರ್ಷಗಳಿಂದ ಸಕ್ಕರೆ ಕಾಯಿಲೆ ಮೊದಲೇ ಇತ್ತು. ಎರಡಕ್ಕೂ ಮಾತ್ರೆ ನಡೆಯಿತು. ಹೌಸಾಕ್ಕ ಮಾತ್ರೆ ತಪ್ಪಿಸುವವಳಲ್ಲ. ಭಿಕೋಬಾ ಹಳೆಯ ಟಿಕೆಟ್ ಪಂಚಿನಿಂದ ಕ್ಯಾಲೆಂಡರಿನ ತಾರೀಖಿಗೆ ತೂತು ಹಾಕಿಯೇ ಮಾತ್ರೆ ಕೊಡುತ್ತಿದ್ದ. ಆದರೂ ಪ್ರತಿ ಸಲ ರಕ್ತ ತೆಗೆದಾಗ ಕೀಲಿನ ಡಾಕ್ಟರರು ತಲೆಯಾಡಿಸುತ್ತಿದ್ದರು. ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ಹೇಳುವ ಅಂಕಿ ಆರಕ್ಕಿಂತ ಕೆಳಗೆ ಇರಬೇಕಂತೆ, ಅವಳದು ಮೂವತ್ತೆಂಟು. ಮಾತ್ರೆ ಬದಲಾದರೂ ಮೂವತ್ತಾರು. ಸಕ್ಕರೆಯೂ ಅಷ್ಟೇ ಹಟಮಾರಿ.

ಭಕ್ರಿ ತಟ್ಟಲು ಕೂಲಿ ಹೆಂಗಸು ಬಂದಳು. ಮೂವತ್ತು ವರ್ಷ ಒಲೆಯ ಮುಂದೆ ಕೂತವಳು ಗಲ್ಲಾದ ಪಕ್ಕ ಕುರ್ಚಿ ಹಾಕಿಕೊಂಡು, ಒಳಗಿನಿಂದ ಬರುವ ತಟ್ಟುವ ಸದ್ದಿಗೆ ಕಿವಿ ಕೊಟ್ಟು “ಅಂಚು ದಪ್ಪಾತ ನೋಡ! ಸದ್ದಿನ್ಯಾಗ ಗೊತ್ತಾಗತೈತಿ!” ಎಂದು ಕೂಗುತ್ತಿದ್ದಳು. ಆ ಹೆಂಗಸು ಎರಡೇ ತಿಂಗಳಿಗೆ ಬಿಟ್ಟು ಹೋದಳು. ಇನ್ನೊಬ್ಬಳು ಬಂದಳು, ಅವಳೂ ಹೋದಳು.

ಮುಂದಿನ ಶ್ರಾವಣಕ್ಕೆ ನಾವು ಸ್ಪರ್ಧೆಗೇ ಹೋಗಲಿಲ್ಲ. ಆದರೆ ಹೌಸಾಕ್ಕ ತಂಡ ಮುರಿಯಲು ಬಿಡಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಎಲ್ಲರನ್ನೂ ತನ್ನ ಅಂಗಳದಲ್ಲಿ ಕೂಡಿಸಿದಳು. “ನಾ ಫುಗಡಿ ಆಡಾಂಗಿಲ್ಲ, ಒಡಪ ಹಾಕಿ ಗಂಡನ ಹೆಸರ ಹೇಳತೀನಿ, ಹಾಡತೀನಿ. ಬಾಯಿಗೇನ ಸಂಧಿವಾತ ಬಂದಿಲ್ಲಲ?” ಎಂದಳು.

ಹೀಗೇ ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ. ಅಂಗಳದಲ್ಲಿ ನಾವು ಹತ್ತು ಮಂದಿ ಸುತ್ತ ನಿಂತಿದ್ದೆವು. ಗಂಡನ ಹೆಸರು ಹೇಳುವ ಸರದಿ ಹೌಸಾಕ್ಕನದು. ಸೊಂಟಕ್ಕೆ ಕೈಕೊಟ್ಟು ಶುರುಮಾಡಿದಳು:

“ಬೆಳ್ಳಿ ತಾಟಿನೊಳಗ ಬರ್ಫಿಯ ತುಂಡ… ಭಿ—”

‘ಭಿ’ ಎಂದವಳ ಬಾಯಿಂದ ಏನೋ ಟಪ್ಪನೆ ಹಾರಿ ತುಳಸಿ ಕಟ್ಟೆಗೆ ಬಡಿದು ಕೆಳಗೆ ಬಿತ್ತು. ಮೇಲಿನ ಸಾಲಿನ ಮುಂದಿನ ಹಲ್ಲು! ನೋವಿಲ್ಲ, ಕೂಗಿಲ್ಲ. ಮಾಗಿದ ನೇರಳೆ ಹಣ್ಣು ತೊಟ್ಟಿನಿಂದ ಕಳಚಿದ ಹಾಗೆ ಕಳಚಿತ್ತು.

ಎಲ್ಲರೂ ಬಗ್ಗಿ ಅದನ್ನೇ ನೋಡಿದೆವು. ಆಮೇಲೆ ಹೂ ಮಾರುವ ಛಬಾಕ್ಕ, ನಮ್ಮ ತಂಡದ ನಾಲಿಗೆ ಅವಳು, ಹೊಟ್ಟೆ ಹಿಡಿದುಕೊಂಡು, “ಅಯ್ಯಯ್ಯ! ಗಂಡನ ಹೆಸರ ಹೇಳಂದ್ರ ಹಲ್ಲ ಕೊಟ್ಟಳ್ರವಾ!” ಎಂದಳು. ಎಲ್ಲರೂ ನಕ್ಕೆವು. ಹೌಸಾಕ್ಕನೂ ನಕ್ಕಳು. ನಕ್ಕಾಗ ಅವಳ ಬಾಯಿಯ ಒಳಗು ನನಗೆ ಕಂಡಿತು. ಎಷ್ಟು ವರ್ಷ ಮುಖಕ್ಕೆ ಮುಖ ಕೊಟ್ಟು ತಿರುಗಿದ್ದೆ, ಒಮ್ಮೆಯೂ ನೋಡಿರಲಿಲ್ಲ. ಕಪ್ಪಗೆ ಕಮರಿದ ಹಲ್ಲು, ಸುತ್ತ ನೇರಳೆ ಬಣ್ಣಕ್ಕೆ ತಿರುಗಿ ಉಬ್ಬಿದ ಒಸಡು. ನನ್ನ ನಗು ಅಲ್ಲೇ ನಿಂತಿತು.

ಮರುದಿನ ಅವಳನ್ನು ಹೆಚ್ಚೂಕಡಿಮೆ ಎಳೆದುಕೊಂಡೇ ಮಹಡಿ ಹತ್ತಿಸಿದೆ.

ಡಾಕ್ಟರ್ ಋಜುತಾ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಕಡಿಮೆ, ಕಣ್ಣು ಚುರುಕು. “ಮಿಸ್ರಿ ಹಚ್ತೀರೇನ್ರಿ, ಮಾವಶಿ?” ಎಂದು ಕೇಳಿದರು.

“ಛೇ! ಇಲ್ಲವಾ.”

ನಾನು ಕೆಮ್ಮಿದೆ. ಹೌಸಾಕ್ಕ ಕುರ್ಚಿಯಲ್ಲಿ ಮಲಗಿದ್ದಲ್ಲಿಂದಲೇ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ನಮ್ಮ ಓಣಿಯಲ್ಲಿ ಬೆಳಗಾದರೆ ತವೆಯ ಮೇಲೆ ತಂಬಾಕು ಕರಕಲಾಗುವ ವಾಸನೆ ಯಾವ ಮನೆಯಿಂದ ಬರುತ್ತದೆ ಎಂದು ಹಾಲಿನವನಿಗೂ ಗೊತ್ತು. ಮಿಸ್ರಿ ಎಂಬ ಆ ಕಪ್ಪು ಪುಡಿಯನ್ನು ಬೆರಳಿಗೆ ಮೆತ್ತಿ ಹಲ್ಲು, ಒಸಡು ಎಲ್ಲ ತಿಕ್ಕುತ್ತ ಅರ್ಧ ತಾಸು ಕೂರುವ ಹೆಂಗಸರು ಪ್ರತಿ ಮನೆಯಲ್ಲೂ ಇದ್ದಾರೆ. ಒಪ್ಪಿಕೊಳ್ಳುವವರು ಒಬ್ಬರೂ ಇಲ್ಲ.

“ಸ್ವಲ್ಪ,” ಎಂದಳು ಹೌಸಾಕ್ಕ. “ದಿನಕ್ಕ ಒಮ್ಮೆ.”

ನಾನು ಮತ್ತೆ ಕೆಮ್ಮಿದೆ.

“ನಾಕ ಸಲ! ಆತಿಲ್ಲೊ ನಿನ್ನ ಕೆಮ್ಮು? ಮದಲನೇ ಬಾಣಂತನದಾಗ ಹಲ್ಲ ನೋವಾತು, ಅತ್ತಿ ಹಚ್ಚಿದ್ಲು. ನಲವತ್ತ ವರ್ಷ ಆತು. ಅದಿಲ್ದ ಹೊಟ್ಟಿ ಹಗೂರ ಆಗಂಗಿಲ್ಲ, ತಲಿ ನಡ್ಯಂಗಿಲ್ಲ.”

ಡಾಕ್ಟರರು ಬೈಯಲಿಲ್ಲ. ಗುರುತು ಕೊರೆದ ಸಣ್ಣ ಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಆಳ ಅಳೆಯುತ್ತ ಹೋದರು. ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತ ಹೋದೆ. ಮೂರು ಮಿಲಿಮೀಟರಿನೊಳಗೆ ಇದ್ದರೆ ಒಳ್ಳೆಯ ಒಸಡು. “ಆರು. ಏಳು. ಆರು. ಎಂಟು, ರಕ್ತ. ಏಳು, ಕೀವು.” ಹತ್ತು ವರ್ಷದ ನೌಕರಿಯಲ್ಲಿ ಇಂಥ ಚೀಟಿ ನಾನು ಬರೆದಿರಲಿಲ್ಲ. ಉಳಿದ ಇಪ್ಪತ್ತಾರು ಹಲ್ಲುಗಳಲ್ಲಿ ಇಪ್ಪತ್ತೆರಡರ ಬುಡ ಹುಣ್ಣಾಗಿತ್ತು.

ಡಾಕ್ಟರರು ಕೈಗವಸು ತೆಗೆದು, ತಮ್ಮ ಅಂಗೈ ಬಿಚ್ಚಿ ಹೌಸಾಕ್ಕನ ಮುಂದೆ ಹಿಡಿದರು.

“ಮಾವಶಿ, ನಿಮ್ಮ ಒಸಡಿನ ಒಳಗಿನ ಗಾಯಾನೆಲ್ಲ ಬಿಡಿಸಿ ಒಂದು ಕಡೆ ಹಾಸಿದ್ರ ಹೆಚ್ಚೂಕಡಿಮಿ ಇಷ್ಟ ದೊಡ್ಡದಾಗತದ. ಇಷ್ಟು ದೊಡ್ಡ ಹುಣ್ಣು ನಿಮ್ಮ ಬೆನ್ನ ಮ್ಯಾಲೆ ಇದ್ದಿದ್ರ ಸುಮ್ಮನ ಕೂಡ್ತಿದ್ರೇನು?”

“ಬೆನ್ನ ಮ್ಯಾಲ? ಓಣಿ ತುಂಬ ಚೀರತಿದ್ದೆ.”

“ಬಾಯೊಳಗ ನೋವಿಲ್ದ ಕೂತದ, ಅದಕ್ಕ ಯಾರಿಗೂ ಗೊತ್ತಾಗಿಲ್ಲ. ಅಲ್ಲಿನ ಕಣ್ಣಿಗೆ ಕಾಣದ ಹುಳ ರಕ್ತಕ್ಕ ಇಳೀತಾವ. ಮೈ ಅದರ ಜೋಡಿ ಹಗಲೂ ರಾತ್ರಿ ಜಗಳ ಆಡತದ. ಆ ಜಗಳದ ಉರೀನ ಉರಿಯೂತ. ಅದು ಬಾಯಾಗಷ್ಟ ನಿಲ್ಲಂಗಿಲ್ಲ. ಕೀಲಿನ ಬಾವು ಹೆಚ್ಚು ಮಾಡತದ, ಸಕ್ಕರಿ ಇಳೀಲಿಕ್ಕೆ ಬಿಡಂಗಿಲ್ಲ. ಸಕ್ಕರಿ ಹೆಚ್ಚಾದ್ರ ಒಸಡು ಮತ್ತ ಕೆಡತದ. ಒಂದಕ್ಕೊಂದು ಕೈ ಹಿಡಕೊಂಡು ತಿರಗತಾವ.”

ಹೌಸಾಕ್ಕ ಎದ್ದು ಕೂತಳು. “ಅಂದ್ರ ಇವು ನನ್ನ ಬಾಯಾಗ ಫುಗಡಿ ಆಡಾಕತ್ತಾವ?”

“ಹಂಗ ಅಂತ ತಿಳೀರಿ.”

“ಬಾಯಿ ರಿಪೇರಿ ಮಾಡಿದ್ರ ಬೆರಳ ಸರಿ ಆಕ್ಕಾವ? ಖರೇ ಹೇಳ್ರಿ ಡಾಕ್ಟರಬಾಯಿ!”

“ಪೂರಾ ಸರಿ ಆಗತಾವ ಅಂತ ನಾ ಹೇಳಂಗಿಲ್ಲ. ಸಂಧಿವಾತಕ್ಕ ಬ್ಯಾರೆ ಕಾರಣನೂ ಇರತಾವ. ಕೀಲಿನ ಮಾತ್ರಿ ಒಂದು ದಿನಾನೂ ಬಿಡಬ್ಯಾಡ್ರಿ. ಆದ್ರ ಈ ಉರಿ ಆರಿಸಿದ್ರ ಆ ಮಾತ್ರಿಗೆ ಕೆಲಸ ಮಾಡ್ಲಿಕ್ಕೆ ಜಾಗ ಸಿಗಬಹುದು. ಮಿಸ್ರಿ ಮಾತ್ರ ಇವತ್ತ ಬಿಡಬೇಕು.”

ಅಂದೇ ಡಾಕ್ಟರರು ಕೀಲಿನ ಡಾಕ್ಟರರಿಗೆ ಫೋನು ಮಾಡಿದರು. ಆ ಕಡೆಯಿಂದ “ಹೌದೇ! ಬೇಗ ಶುರುಮಾಡಿ, ಮೂರು ತಿಂಗಳಿಗೆ ರಕ್ತ ನೋಡೋಣ” ಎಂದ ದನಿ ನನಗೂ ಕೇಳಿಸಿತು. ನಾನು ಬೆರಳು ಮಡಚಿ ತಿಂಗಳು ಎಣಿಸಿದೆ. ಮೂರು ತಿಂಗಳು ಅಂದರೆ ಜ್ಯೇಷ್ಠ. ಅಲ್ಲಿಂದ ಶ್ರಾವಣಕ್ಕೆ ಎರಡೇ ತಿಂಗಳು!

ಬಾಯನ್ನು ನಾಲ್ಕು ಭಾಗ ಮಾಡಿ, ವಾರಕ್ಕೊಂದು ಭಾಗದಂತೆ ಒಸಡಿನ ಕೆಳಗಿನ ಕಲ್ಲುಗಟ್ಟಿದ ಹೊಲಸನ್ನೆಲ್ಲ ಕೆರೆದು ತೆಗೆದರು. ಇನ್ನೆರಡು ಹಲ್ಲು ಉಳಿಯುವ ಹಾಗಿರಲಿಲ್ಲ, ಕಿತ್ತರು. ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಶ್ಶು ಕೊಟ್ಟಾಗ ಹೌಸಾಕ್ಕ ಅದನ್ನು ಬೆಳಕಿಗೆ ಹಿಡಿದು, “ಇದು ಇಲಿ ಮನ್ಯಾಗಿನ ಬಾಟ್ಲಿ ತೊಳಿಯು ಕುಂಚ ಏನ?” ಎಂದಳು. ಆದರೂ ಕನ್ನಡಿ ಮುಂದೆ ನಿಂತು ಒಂದೊಂದೇ ಸಂದಿಗೆ ಆಡಿಸುವುದು ಕಲಿತಳು. ಬೆರಳು ಬಾಗದ ಕಾರಣ ಬ್ರಶ್ಶಿನ ಹಿಡಿಗೆ ಭಿಕೋಬಾ ಸೈಕಲ್ ಹ್ಯಾಂಡಲಿನ ರಬ್ಬರು ತೊಡಿಸಿಕೊಟ್ಟ.

ಕೆರೆಯುವುದು ಸುಲಭವಾಯಿತು, ಮಿಸ್ರಿ ಬಿಡುವುದಲ್ಲ. ಮೊದಲ ವಾರ ಅವಳ ತಲೆ ಸಿಡಿಯುತ್ತಿತ್ತು. ಪಿಠ್ಲಕ್ಕೆ ಎರಡೆರಡು ಸಲ ಉಪ್ಪು ಬಿದ್ದು ಡ್ರೈವರುಗಳು ತಂಬಿಗೆ ತಂಬಿಗೆ ನೀರು ಕುಡಿದರು. “ಸುಲಭಾತಾಯಿ, ಟಿಕೆಟ್ ಇಲ್ದ ಸಿಕ್ಕವರಂಗ ನನ್ನ ಬೈಯಾಕತ್ತಾಳ ಈಕಿ,” ಎಂದು ಭಿಕೋಬಾ ಗೋಳಾಡಿದ. ಛಬಾಕ್ಕ ಬಂದು, “ಒಂದ ಚಿಟಿಗಿ ಹಚ್ಚಿಕೊಂಡ್ರ ಏನಾಕ್ಕೈತಿ? ನಮ್ಮವ್ವ ತೊಂಬತ್ತ ವರ್ಷ ಹಚ್ಚಿದ್ಲು,” ಎಂದಳು.

“ಎಷ್ಟ ಹಲ್ಲಿದ್ವು ನಿಮ್ಮವ್ವಗ?” ಎಂದು ಹೌಸಾಕ್ಕ ಕೇಳಿದಳು.

ಛಬಾಕ್ಕ ಬಾಯಿ ಮುಚ್ಚಿಕೊಂಡು ಹೋದದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ.

ಮೂರನೆಯ ವಾರ ಒಂದು ಬೆಳಿಗ್ಗೆ ನೀರು ತುಂಬುತ್ತಿದ್ದಾಗ ನನ್ನ ಮೂಗಿಗೆ ಆ ವಾಸನೆ ಬಡಿಯಿತು. ಕೊಡ ಅಲ್ಲೇ ಬಿಟ್ಟು ಓಡಿದೆ. ಖಾನಾವಳಿಯ ಹಿಂದೆ ಹೌಸಾಕ್ಕ ತವೆ ಇಟ್ಟುಕೊಂಡು ಕೂತಿದ್ದಳು.

“ಸುಲು, ನೋಡಿಲ್ಲಂತ ತಿಳ್ಕೊ. ಇವತ್ತೊಂದ ದಿನ.”

“ತಿಳ್ಕೋತೀನಿ. ಫುಗಡಿಗೆ ಬ್ಯಾರೆ ಜೋಡಿ ನೋಡ್ಕೋತೀನಿ, ಅದನೂ ತಿಳ್ಕೊ.”

ಅವಳು ನನ್ನನ್ನೇ ನೋಡಿದಳು. ಪಕ್ಕದ ತಂಬಿಗೆ ಎತ್ತಿ ಕಾದ ತವೆಯ ಮೇಲೆ ಸುರಿದಳು. ಭುಸ್ಸೆಂದು ಎದ್ದ ಹಬೆಯಲ್ಲಿ ಅವಳ ಮುಖ ಕಾಣಲಿಲ್ಲ. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ದವಾಖಾನೆಗೆ ಬಂದು, “ಹೆಸರ ಬರಕೋ. ಹೌಸಾಬಾಯಿ ಭಿಕೋಬಾ ಥೋರಾತ,” ಎಂದಳು, ಗುರುತಿಲ್ಲದವಳ ಹಾಗೆ. ನಾನೂ ಬರೆದುಕೊಂಡೆ. ಇಬ್ಬರಿಗೂ ಒಟ್ಟಿಗೇ ನಗು ಬಂತು.

ಬೇಸಿಗೆ ಏರಿತು. ಅವಳ ಒಸಡು ಮೊದಲು ನೇರಳೆಯಿಂದ ಕೆಂಪಾಯಿತು, ಕೆಂಪಿನಿಂದ ಗುಲಾಬಿ ಪೇರಲ ಹಣ್ಣಿನ ಒಳಗಿನ ಬಣ್ಣಕ್ಕೆ ಬಂತು. ಡಾಕ್ಟರರು ಮತ್ತೆ ಕಡ್ಡಿ ಹಿಡಿದು ಅಳೆದರು. “ಮೂರು. ನಾಲ್ಕು. ಮೂರು. ಮೂರು.” ಪ್ರತಿ ‘ಮೂರು’ ಕೇಳಿದಾಗಲೂ ನಾನು ಕಾಗದದ ಮೇಲೆ ಪೆನ್ನು ಒತ್ತಿ ಬರೆದೆ.

ಜ್ಯೇಷ್ಠದ ಮೊದಲ ವಾರ ಹೌಸಾಕ್ಕ, ಭಿಕೋಬಾ ಹೋಗಿ ರಕ್ತ ಕೊಟ್ಟು ಬಂದರು. ಮರುದಿನ ಮಧ್ಯಾಹ್ನ ದವಾಖಾನೆಯಲ್ಲಿ ಒಬ್ಬ ಮೇಷ್ಟ್ರ ದವಡೆಗೆ ಸೂಜಿ ಕೊಟ್ಟು ಕೂರಿಸಿದ್ದೆವು. ಕೆಳಗೆ ರಸ್ತೆಯಲ್ಲಿ ಗದ್ದಲ. ಕಿಟಕಿಯಿಂದ ನೋಡಿದರೆ, ಹೌಸಾಕ್ಕ ಅಂಗೈ ಮೇಲೆ ಬಿಸಿ ಬಿಸಿ ಭಕ್ರಿ ಎತ್ತಿ ಹಿಡಿದುಕೊಂಡು ರಿಕ್ಷಾಗಳ ನಡುವೆ ದಾಟಿ ಬರುತ್ತಿದ್ದಾಳೆ! ಮೊಳಕೈವರೆಗೆ ಹಿಟ್ಟು. ಹಿಂದೆ ಭಿಕೋಬಾ ರಕ್ತದ ಕಾಗದ ಬೀಸುತ್ತ, ಚಪ್ಪಲಿಯೂ ಇಲ್ಲದೆ.

“ಸುಲೂ! ಏ ಸುಲೂ! ತಟ್ಟಿದೆ! ನಾನ ತಟ್ಟಿದೆ!”

ಮೆಟ್ಟಿಲು ಹತ್ತಿ ಬಂದವಳಿಗೆ ಉಸಿರಿಲ್ಲ. ಭಕ್ರಿ ನನ್ನ ರಿಜಿಸ್ಟರಿನ ಮೇಲೆ ಇಟ್ಟಳು. ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ, ಅಂಚು ಕಾಗದದಷ್ಟು ತೆಳ್ಳಗೆ, ಒಂದು ಬಿರುಕಿಲ್ಲ. ಬೆಳಿಗ್ಗೆ ಹೊಸ ಕೂಲಿ ಹೆಂಗಸು ಬಂದಿರಲಿಲ್ಲವಂತೆ. ಊಟಕ್ಕೆ ಜನ ಕೂತಿದ್ದರಂತೆ. ಸಿಟ್ಟಿನಲ್ಲಿ ಹಿಟ್ಟಿಗೆ ಕೈ ಹಾಕಿದವಳು ಐದನೆಯ ಭಕ್ರಿಗೆ ಬಂದಾಗಲೇ ಬೆರಳು ಚೀರುತ್ತಿಲ್ಲ ಎಂಬುದು ಅವಳ ಗಮನಕ್ಕೆ ಬಂತಂತೆ. ಅಷ್ಟರಲ್ಲಿ ಭಿಕೋಬಾ ಕಾಗದ ತಂದನಂತೆ.

ಡಾಕ್ಟರರು ಕಾಗದ ಓದಿದರು. ಉರಿಯೂತದ ಅಂಕಿ ಹದಿಮೂರು. ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ ಒಂಬತ್ತರ ಮೇಲಿದ್ದದ್ದು ಎಂಟೂವರೆ. “ಸಕ್ಕರಿ ಇನ್ನೂ ಇಳೀಬೇಕು. ಉರಿಯೂತನೂ ಆರರ ಕೆಳಗ ಬರಬೇಕು,” ಎಂದು ಗಂಭೀರವಾಗಿ ಹೇಳಿದವರು, ಕಾಗದ ಮಡಿಸುವಾಗ ತಡೆಯಲಾರದೆ ನಕ್ಕುಬಿಟ್ಟರು. “ಮಾವಶಿ, ಮುಷ್ಟಿ ಕಟ್ರಿ ನೋಡೋಣ.”

ಹೌಸಾಕ್ಕ ಕಟ್ಟಿದಳು. ಕಿರುಬೆರಳೊಂದು ಪೂರ್ತಿ ಮಡಚಲಿಲ್ಲ. ಉಳಿದ ನಾಲ್ಕು ಮಡಚಿದವು. ದವಡೆ ಮರಗಟ್ಟಿದ ಮೇಷ್ಟ್ರು ಕುರ್ಚಿಯಲ್ಲೇ ಕೂತು ಸೊಟ್ಟ ಬಾಯಿಯಲ್ಲಿ “ಶಾಭಾಶ್!” ಎಂದರು. ಭಕ್ರಿಯನ್ನು ಐದು ಪಾಲು ಮಾಡಿ ತಿಂದೆವು. ಮೇಷ್ಟ್ರ ಪಾಲನ್ನು ಕಟ್ಟಿಕೊಟ್ಟೆ.

ಆಷಾಢದ ತುಂಬ ಅಭ್ಯಾಸ. ಮೊದಲ ದಿನ ಅವಳ ಕೈ ಹಿಡಿದಾಗ ನನಗೇ ಭಯ. “ಗಟ್ಟಿ ಹಿಡಿಯವಾ, ನಾನೇನ ಹಪ್ಪಳಲ್ಲ!” ಎಂದು ಗದರಿದಳು. ನಾಲ್ಕು ಸುತ್ತು, ಹತ್ತು ಸುತ್ತು, ಇಪ್ಪತ್ತು. ಆ ಹೊತ್ತಿಗೆ ಛಬಾಕ್ಕ ಸೇರಿ ತಂಡದ ನಾಲ್ವರು ಮಿಸ್ರಿ ಬಿಟ್ಟಿದ್ದರು. ಇಬ್ಬರು ಬಿಟ್ಟೆವು ಎಂದು ಹೇಳುತ್ತಿದ್ದರು.

ಶ್ರಾವಣದ ಎರಡನೆಯ ಮಂಗಳವಾರ ಟೌನ್ ಹಾಲ್ ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಕೊನೆಗೆ ಫುಗಡಿ. ಈ ಸಲವೂ ಎದುರಿಗೆ ಉಂಬ್ರಜದವರು, ಇಬ್ಬರೂ ಮೂವತ್ತರೊಳಗಿನ ಹುಡುಗಿಯರು. ಹೌಸಾಕ್ಕನಿಗೆ ಐವತ್ತೊಂಬತ್ತು. ಪ್ರೇಕ್ಷಕರಲ್ಲಿ ಯಾರೋ “ಅಜ್ಜಿ, ಹಗೂರ!” ಎಂದು ಕೂಗಿದರು. “ನಿಮ್ಮ ಅಜ್ಜಿನ ಕಳಸು, ಆಕಿ ಜೋಡೀನೂ ಆಡತೀನಿ!” ಎಂದು ಇವಳು ತಿರುಗಿ ಕೂಗಿದಳು. ಸಭೆ ಕೊಳ್ಳೆಂದಿತು.

ಸೀಟಿ ಊದಿದರು. ತಿರುಗಿದೆವು. ಹಾಲ್, ದೀಪ, ಜನ ಎಲ್ಲ ಕಲಸಿ ಒಂದೇ ಬಣ್ಣದ ಪಟ್ಟಿಯಾಯಿತು. ಹೌಸಾಕ್ಕನ ಮುಖ ಮಾತ್ರ ನಿಂತಿತ್ತು, ಆ ವರ್ಷ ಮೂರು ಹಲ್ಲು ಕಳೆದುಕೊಂಡ ಬಾಯಿ ಅಗಲ ತೆರೆದುಕೊಂಡು ಉಸಿರಿಗೊಂದು ‘ಫೂ! ಫೂ!’ ಹಾಕುತ್ತ. ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳು ಹಗ್ಗ ಬಿಗಿದಂತೆ ಇದ್ದವು. ಪಕ್ಕದಲ್ಲಿ ಧಡ್ ಎಂದು ಸದ್ದಾಯಿತು. ಉಂಬ್ರಜದವರು ಬಿದ್ದರೋ ನಿಂತರೋ ತಿಳಿಯಲಿಲ್ಲ. “ಸಾಕ ಅಕ್ಕಾ!” ಎಂದೆ. “ಇನ್ನ ಹತ್ತ!” ಎಂದಳು. ಎಣಿಸಿದಳು. ಹತ್ತಾದ ಮೇಲೆ ಮತ್ತೆ ಎರಡು ಸುತ್ತಿ ನಿಂತಳು. ನಿಂತ ಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಕುಸಿದು ಕೂತು, ಅಳುತ್ತಿದ್ದೇವೋ ನಗುತ್ತಿದ್ದೇವೋ ಗೊತ್ತಾಗದಂತೆ ಕೂಗಾಡಿದೆವು. ಭಿಕೋಬಾ ವೇದಿಕೆಗೇ ಹತ್ತಿಬಂದಿದ್ದ. ಸಂಘಟಕರು ಅವನನ್ನು ಹಿಡಿದು ಕೆಳಗಿಳಿಸಬೇಕಾಯಿತು.

ಫುಗಡಿಯಲ್ಲಿ ಮೊದಲ ಬಹುಮಾನ ನಮಗೆ. ಒಟ್ಟು ಸ್ಪರ್ಧೆಯಲ್ಲಿ ಉಂಬ್ರಜದವರೇ ಗೆದ್ದರು, ನಾವು ಎರಡನೆಯವರು. ಛಬಾಕ್ಕ ತೀರ್ಪುಗಾರರ ಕಣ್ಣಿನ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು. ಹೌಸಾಕ್ಕ ಮಾತ್ರ ಮೈಕು ಕೈಗೆ ಸಿಕ್ಕಿದ್ದೇ ತಡ, ಧನ್ಯವಾದ ಹೇಳುವುದು ಬಿಟ್ಟು, “ಇಲ್ಲಿ ಕುಂತಾವರಾಗ ಎಷ್ಟ ಮಂದಿ ಮಿಸ್ರಿ ಹಚ್ಚತೀರಿ, ನನಗ ಗೊತ್ತೈತಿ! ಮನಿಗ್ಹೋಗಿ ಕನ್ನಡಿ ಮುಂದ ಬಾಯಿ ತಗೀರಿ. ಒಸಡಿನ್ಯಾಗ ರಕ್ತ ಬಂದ್ರ ನಾಚಬ್ಯಾಡ್ರಿ, ಡಾಕ್ಟರ ಕಡೆ ಹೋಗ್ರಿ. ನಾ ನಾಚಿ ನಾಚಿ ನಲವತ್ತ ವರ್ಷ ಕಳದೆ!” ಎಂದು ಗುಡುಗಿದಳು. ಎಷ್ಟೋ ಸೆರಗುಗಳು ಬಾಯಿಗೆ ಬಂದವು.

ಆ ವಾರ ದವಾಖಾನೆಯ ಮೆಟ್ಟಿಲ ಮೇಲೆ ಹೆಂಗಸರ ಸಾಲು. ಹೊಸ ರಿಜಿಸ್ಟರು ತರಬೇಕಾಯಿತು.

ಹೌಸಾಕ್ಕನಿಗೆ ಎಲ್ಲವೂ ವಾಸಿಯಾಗಿಲ್ಲ. ಚಳಿಯ ಬೆಳಗಿನಲ್ಲಿ ಬೆರಳು ಬಿಗಿಯುತ್ತವೆ, ಆಗ ಬಿಸಿನೀರಿನಲ್ಲಿ ಅದ್ದಿಕೊಂಡು ಕೂರುತ್ತಾಳೆ. ದೀಪಾವಳಿಯ ಕರ್ಜಿಕಾಯಿ ತಿಂದು ಸಕ್ಕರೆ ಮತ್ತೆ ಏರಿತ್ತು, ಬೈಸಿಕೊಂಡಳು. ಕೀಲಿನ ಡಾಕ್ಟರರು ಒಂದು ಮಾತ್ರೆ ಕಡಿಮೆ ಮಾಡಿದ್ದಾರೆ, ಇನ್ನೊಂದು ಹಾಗೇ ಇದೆ. ಮೂರು ತಿಂಗಳಿಗೊಮ್ಮೆ ಒಸಡು ತೋರಿಸಿಕೊಂಡು ಹೋಗುತ್ತಾಳೆ, ತಪ್ಪಿಸುವುದಿಲ್ಲ.

ಇವತ್ತೂ ಬಂದಿದ್ದಾಳೆ. ಬೆಂಚಿನ ಮೇಲೆ ತನ್ನ ಪಕ್ಕ ಕೂತ, ತಾಳಬೀಡದ ಕಡೆಯಿಂದ ಬಂದ ಅಪರಿಚಿತ ಹೆಂಗಸಿಗೆ, “ನಾಚಿಕಿ ಯಾಕ? ‘ಆ’ ಅನ್ನು! ಇನ್ನೂ ದೊಡ್ಡದ ತಗಿ!” ಎಂದು ಬಾಯಿ ತೆರೆಸಿ ಬಗ್ಗಿ ನೋಡುತ್ತಿದ್ದಾಳೆ. ಒಳಗೆ ಡಾಕ್ಟರರು ಗಂಟೆ ಒತ್ತಿದರು. ನಾನು ಎರಡು ಸಲ ಹೌಸಾಕ್ಕನ ಹೆಸರು ಕೂಗಿದೆ.

“ತಡಿಯ ಸುಲು,” ಎಂದಳು ತಲೆ ಎತ್ತದೆ, “ಈಕಿದ ಮದಲ ಆಗಲಿ. ಭಾಳ ಕೆಟ್ಟಾವ.”